ಇಬ್ಬರೇ ಇದ್ದ ಕ್ಲಾಸು

ನನ್ನ ಜಗಳಗಂಟಿ ಗೆಳತಿ ನೇತ್ರಾಗೆ,

ಅಡ್ಮಿಷನ್ ದಿನ ಕಾಲೇಜಿನ ಆಫೀಸ್ ಕಿಟಕಿಯ ಮುಂದೆ ನೀನು ನನಗಿಂತ ಮುಂದೆ ನಿಂತಿದ್ದೆ. ಸಿವಿಲ್ ಎಂಜಿನಿಯರಿಂಗ್ ಜೊತೆಗೇ ಪರಿಸರ ವಿಜ್ಞಾನವನ್ನೂ ಓದಿಸುವ ಹೊಸ ಕೋರ್ಸ್ ಬೇಕು ಅಂದೆ. ಒಳಗಿದ್ದ ಕ್ಲರ್ಕ್ ಕನ್ನಡಕ ಮೇಲೇರಿಸಿ, "ಎರಡೂ ಯಾಕವ್ವ? ಒಂದು ಓದಿ ಪಾಸಾಗಾಕೇ ಹುಡುಗ್ರು ಒದ್ದಾಡ್ತಾರೆ. ನೀನೊಬ್ಳೇ ಆಗ್ತೀಯ ನೋಡು" ಎಂದ. ನೀನು ಗಕ್ಕನೆ ಹಿಂದೆ ತಿರುಗಿ, ಗುರುತು ಪರಿಚಯ ಇಲ್ಲದ ನನ್ನ ತೋಳು ಹಿಡಿದೆಳೆದು, "ಒಬ್ಳೇ ಎಲ್ಲ್ರಿ? ಇವ್ಳೂ ಅದಕ್ಕೇ ಬಂದಾಳೆ" ಅಂದುಬಿಟ್ಟೆ. ನಾನು ಬಂದಿದ್ದು ಬರೀ ಸಿವಿಲ್‌ಗೆ. ನಮ್ಮೂರು ಲೋಕಿಕೆರೆಯಲ್ಲಿ ದಾವಣಗೆರೆ ಬಸ್ಸು ಹತ್ತಿಸುವಾಗ ಅಪ್ಪ ಹೇಳಿ ಕಳಿಸಿದ್ದೂ ಅದನ್ನೇ. ಆದರೂ ನಾನು ಸುಮ್ಮನೆ ತಲೆಯಾಡಿಸಿದೆ. ಯಾಕೆ ಆಡಿಸಿದೆನೋ, ಇವತ್ತಿಗೂ ಗೊತ್ತಿಲ್ಲ.

ಪರಿಸರ ವಿಜ್ಞಾನದ ಮೊದಲ ಪೀರಿಯಡ್ಡಿಗೆ ಹೋದರೆ, ಅಷ್ಟು ದೊಡ್ಡ ಕೋಣೆಯಲ್ಲಿ ನಾವಿಬ್ಬರೇ. ಸಿವಿಲ್ ಕ್ಲಾಸಿನಲ್ಲಿ ಜಾಗ ಹಿಡಿಯಲು ಓಡುತ್ತಿದ್ದ ನಮಗೆ ಇಲ್ಲಿ ಯಾವ ಬೆಂಚಿನಲ್ಲಿ ಕೂರುವುದು ಎಂಬುದೇ ಸಮಸ್ಯೆ. ಮೇಡಂ ಮಾತ್ರ ಶಾಸ್ತ್ರ ಬಿಡದೆ ದಿನಾ ಹಾಜರಿ ಕೂಗುತ್ತಿದ್ದರು. ಒಮ್ಮೆ ನೀನು ಬೆಂಚಿನ ಕೆಳಗೆ ಅಡಗಿ ಕೂತಾಗ, "ಇವತ್ತು ಅರ್ಧ ಕ್ಲಾಸೇ ಬಂದಿಲ್ಲ, ಪಾಠ ಮಾಡ್ಲೋ ಬ್ಯಾಡ್ವೋ?" ಎಂದು ಕೇಳಿದ್ದರಲ್ಲ, ನಿನ್ನ ನಗು ಕೆಳಗಿನಿಂದ ಬಂದು ಅವರೂ ನಕ್ಕಿದ್ದರು. ನೀನು ಬರುವುದು ನಿಂತ ಮೇಲೆ ಅವರು ಹಾಜರಿ ಕೂಗುವುದನ್ನೇ ಬಿಟ್ಟಿದ್ದರು ನೇತ್ರಾ. ಕುರ್ಚಿಯನ್ನು ನನ್ನ ಬೆಂಚಿನ ಹತ್ತಿರ ಎಳೆದುಕೊಂಡು, ಜ್ವರ ಬಂದವರ ಪಕ್ಕ ಕೂತು ಮಾತಾಡುವ ಹಾಗೆ, ಮೆಲ್ಲಗೆ ಪಾಠ ಮಾಡುತ್ತಿದ್ದರು. ನನಗೆ ಅದನ್ನು ಸಹಿಸಲು ಆಗುತ್ತಿರಲಿಲ್ಲ.

ಕಳೆದ ವಾರ ನಮ್ಮ ವಿಭಾಗದ ಮುಖ್ಯಸ್ಥರು ಕರೆಸಿದ್ದರು. ಕೆಟ್ಟವರೇನಲ್ಲ, ನಿನಗೆ ಗೊತ್ತು. "ಕೂಡ್ರು" ಎಂದು ಕುರ್ಚಿ ತೋರಿಸಿ, ಪೇಪರ್‌ವೇಟ್ ತಿರುಗಿಸುತ್ತ ಹೇಳಿದರು: "ನೋಡವ್ವ ಪಲ್ಲವಿ, ಒಬ್ಬಳಿಗೋಸ್ಕರ ಕ್ಲಾಸ್ ನಡಸೋದು ಕಷ್ಟ ಐತೆ. ಪರಿಸರ ವಿಜ್ಞಾನ ಬಿಟ್ಟು ಪೂರ್ತಿ ಸಿವಿಲ್‌ಗೆ ಬಂದ್ಬಿಡು. ಪ್ರಾಜೆಕ್ಟೂ ಸಣ್ಣದಾಗ್ತತೆ. ಒತ್ತಾಯ ಇಲ್ಲ, ಸೋಮವಾರ ಬಂದು ಹೇಳು." ನಿನ್ನಿಂದಾಗಿ ಸಿಕ್ಕಿಹಾಕಿಕೊಂಡಿದ್ದ ಕೋರ್ಸು. ನೀನೇ ಇಲ್ಲ. ಹೂಂ ಅಂದಿದ್ದರೆ ಆಗುತ್ತಿತ್ತು. ಒಳಗೊಳಗೇ ಹಗುರವೂ ಆಯಿತು, ಸುಳ್ಳು ಯಾಕೆ ಹೇಳಲಿ? ಆನೆಕೊಂಡದ ನನ್ನ ಬಾಡಿಗೆ ರೂಮಿಗೆ ಬಂದು ಬಾಗಿಲು ಹಾಕಿಕೊಂಡಾಗ ಆ ಹಗುರಕ್ಕೇ ಅಳು ಬಂತು.

ಹರಿಹರದಲ್ಲಿ ನಿಮ್ಮ ಮನೆಯ ಹಿಂದೆ ಮೊದಲ ಸಲ ನಿಂತ ಸಂಜೆ ನೀನು ಮೂಗು ಮುಚ್ಚಿಕೊಂಡೇ ಭಾಷಣ ಮಾಡಿದ್ದೆ. ಓಣಿಯ ಬಚ್ಚಲು, ಅಡುಗೆಮನೆಗಳ ನೀರೆಲ್ಲ ಸೇರಿದ ಆ ಕಾಲುವೆ ನೇರ ಹೊಳೆಗೆ ಹೋಗುತ್ತದೆ. ಅದು ತುಂಗಭದ್ರೆ ಮುಟ್ಟುವ ಮೊದಲು ಪಕ್ಕದ ಖಾಲಿ ಜಾಗದಲ್ಲಿ ಜಲ್ಲಿ ಹರಡಿ, ನೀರಲ್ಲೇ ಬೆಳೆಯುವ ಆಪು ಹುಲ್ಲು ನೆಟ್ಟು, ನೀರನ್ನು ಅದರೊಳಗೆ ನಿಧಾನಕ್ಕೆ ಹಾಯಿಸಿದರೆ ಬೇರುಗಳೇ ಸೋಸುತ್ತವೆ ಅಂದೆ. ಅದೇ ನಮ್ಮ ಪ್ರಾಜೆಕ್ಟಾಯಿತು. ಜಗಳವೂ ಅಲ್ಲಿಂದಲೇ ಶುರು. "ನೆಲ ಇಳಿಜಾರು ಐತೆ, ನೀರು ತಾನೇ ಹೋಗ್ತತೆ" ಅಂತ ನೀನು. "ಹೋಗಲ್ಲ, ಪಂಪ್ ಇಡ್ಲೇಬೇಕು" ಅಂತ ನಾನು. "ಪಂಪ್ ಇಟ್ರೆ ಕರೆಂಟ್ ಬಿಲ್ ನಿಮ್ಮಪ್ಪ ಕಟ್ತಾರೇನೇ? ಕೆಟ್ರೆ ಯಾರು ನೋಡ್ತಾರೆ?" ಮಂಡಕ್ಕಿ ಮಿರ್ಚಿ ತಿನ್ನುತ್ತಲೂ ಅದೇ, ಬಸ್ಸಿನಲ್ಲೂ ಅದೇ. ಒಂದು ಸಲ ಹರಿಹರದ ದಾರಿಯಲ್ಲಿ ಬಾತಿ ಊರು ದಾಟುವವರೆಗೂ ಎಷ್ಟು ಜೋರು ಮಾಡಿದೆವೆಂದರೆ, ಮುಂದಿನ ಸೀಟಿನ ಅಜ್ಜ ತಿರುಗಿ, "ಯಾವ ನೆಲದ ಕೇಸ್‌ರವ್ವ ನಿಮ್ದು?" ಎಂದು ಕೇಳಿದ್ದ. ಲೆವೆಲ್ ತೆಗೆದು, ಅಂದರೆ ನೆಲದ ಏರು ತಗ್ಗು ಅಳೆದು, ತೀರ್ಮಾನ ಮಾಡೋಣ ಎಂದುಕೊಂಡೆವು. ಮಳೆ ನಿಲ್ಲಲಿ ಎಂದು ಕಾದೆವು.

ಮಳೆ ನಿಲ್ಲುವ ಮೊದಲೇ ನಿನಗೆ ಜ್ವರ ಬಂತು. "ಲೇ ಪಲ್ಲಿ, ಬರೀ ಜ್ವರ. ನೋಟ್ಸ್ ನೀಟಾಗಿ ಬರ್ಕೊ, ನಿನ್ನ ಕೋಳಿಕಾಲಿನ ಅಕ್ಷರ ಓದಾಕಾಗಲ್ಲ" ಎಂದು ಫೋನಿನಲ್ಲಿ ಗದರಿದ್ದೆ. ಡೆಂಗಿ ಅಂದರು, ಪ್ಲೇಟ್‌ಲೆಟ್ ಅಂದರು, ದಾವಣಗೆರೆಗೆ ಕರೆತಂದರು. ನಾನು ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ನಿಮ್ಮಮ್ಮ ಇಳಿದು ಬರುತ್ತಿದ್ದರು. ಅವರ ಮುಖ ನೋಡಿ ನಾನು... ಬಿಡು. ನಿನಗೆ ಹೇಳುವಂಥದ್ದಲ್ಲ ಅದು. ನೋಟ್ಸ್ ಮಾತ್ರ ನೀಟಾಗಿ ಬರೆದಿದ್ದೆ ಕಣೆ, ಆ ವಾರದ್ದೆಲ್ಲ.

ಹೋದ ಭಾನುವಾರ, ಸೋಮವಾರದ ಉತ್ತರ ಕೊಡುವ ಮೊದಲು ಆ ಜಗಳವನ್ನಾದರೂ ಮುಗಿಸೋಣ ಎಂದು, ಲೆವೆಲ್ ಯಂತ್ರ, ಅಳತೆ ಕೋಲು ಎರಡನ್ನೂ ಹೊತ್ತು ಹರಿಹರದ ಬಸ್ ಹತ್ತಿದೆ. ಕಿಟಕಿ ಪಕ್ಕದ ಸೀಟಿಗೆ ಜಗಳವಾಡಲು ಯಾರೂ ಇರಲಿಲ್ಲ. ಅಲ್ಲಿ ಕೂತರೂ ಬಾತಿ ಬಂದಿದ್ದು ಗೊತ್ತಾಗಲಿಲ್ಲ. ನೀರಿನ ಸ್ಯಾಂಪಲ್ಲನ್ನು ಒಬ್ಬಳೇ ಬಾಟಲಿಗೆ ತುಂಬಿಕೊಳ್ಳಬಹುದು. ಲೆವೆಲ್ ಮಾತ್ರ ಒಬ್ಬಳಿಂದ ತೆಗೆಯಲು ಆಗುವುದಿಲ್ಲ. ಯಂತ್ರದೊಳಗೆ ನೋಡಲು ಒಬ್ಬರು, ದೂರದಲ್ಲಿ ಅಳತೆ ಕೋಲು ಹಿಡಿದು ನಿಲ್ಲಲು ಇನ್ನೊಬ್ಬರು ಬೇಕೇ ಬೇಕು. ಸಿವಿಲ್ ಕ್ಲಾಸಿನ ಒಬ್ಬ ಬರುತ್ತೇನೆ ಎಂದಿದ್ದವನು ಬೆಳಿಗ್ಗೆ ಫೋನೇ ಎತ್ತಲಿಲ್ಲ. ಕೋಲನ್ನು ನಿಮ್ಮ ಹಿತ್ತಿಲ ಗೋಡೆಗೆ ಒರಗಿಸಿ ಯಂತ್ರದವರೆಗೆ ಓಡಿದೆ. ಅದು ಜಾರಿ ಬಿತ್ತು. ಮತ್ತೆ ನಿಲ್ಲಿಸಿದೆ, ಮತ್ತೆ ಬಿತ್ತು. ಸಿಟ್ಟು ಬಂದು ಕೋಲಿಗೆ ಒದ್ದೆ. ನಿನಗೇ ಒದ್ದಂತಾಗಿ ಅಲ್ಲೇ ಕುಕ್ಕರಗಾಲಲ್ಲಿ ಕೂತೆ.

ಹಿತ್ತಿಲ ಬಾಗಿಲು ತೆರೆದು ನಿಮ್ಮಮ್ಮ ಹೊರಗೆ ಬಂದರು. ನಿನ್ನ ದಿನಕರ್ಮ ಮುಗಿದ ಮೇಲೆ ಅವರನ್ನು ನೋಡಿರಲಿಲ್ಲ, ನೋಡುವ ಧೈರ್ಯ ಇರಲಿಲ್ಲ. ಟೇಪು ಕೊರಳಲ್ಲೇ ಇತ್ತು, ಬ್ಲೌಸ್ ಹೊಲಿಯುತ್ತಿದ್ದರೆಂದು ಕಾಣುತ್ತದೆ. ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. "ಕೋಲು ಹಿಡ್ಯಾಕ ನಾನು ಆಗಲ್ಲೇನು?" ಎಂದು ಸೆರಗು ಸಿಕ್ಕಿಸಿಕೊಂಡರು.

"ಬಿಸಿಲೈತೆ ಅಮ್ಮ, ಬ್ಯಾಡ್ರಿ" ಅಂದೆ.

"ಹೆಂಗ್ ಹಿಡೀಬೇಕು, ಅಷ್ಟು ಹೇಳು."

ಹೇಳಿದೆ. ಕೋಲು ಒಂಚೂರು ವಾಲಿದರೂ ಅಂಕಿ ಜಾಸ್ತಿ ತೋರುತ್ತದೆ. ಅದಕ್ಕೇ ಬುಡ ಕದಲದಂತೆ ಹಿಡಿದು ಮೆಲ್ಲಗೆ ಹಿಂದೆ ಮುಂದೆ ತೂಗಬೇಕು, ಎಲ್ಲಕ್ಕಿಂತ ಕಡಿಮೆ ಕಾಣುವ ಅಂಕಿಯೇ ಸರಿ ಎಂದೆ. ಅವರು ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ತೂಗಿ ನೋಡಿದರು. "ಕೂಸು ತೂಗಿದಂಗೆ. ಅಷ್ಟೇ ತಾನೆ?" ಅಂದರು. ನಾನು ಯಂತ್ರದ ಹತ್ತಿರ ಹೋಗಿ ಕಣ್ಣಿಟ್ಟೆ. ಬಹಳ ಹೊತ್ತು ಒಂದು ಅಂಕಿಯೂ ಕಾಣಲಿಲ್ಲ. ಅವರು ಮಾತ್ರ ನಿಲ್ಲಿಸದೆ ತೂಗುತ್ತಲೇ ಇದ್ದರು.

ಮಧ್ಯಾಹ್ನ ನಿಮ್ಮ ಹಿತ್ತಿಲ ಚಪ್ಪರದ ನೆರಳಲ್ಲಿ ಕೂತು ಲೆಕ್ಕ ಹಾಕಿದಾಗ, ಸಮ ಇಳಿಜಾರು ಅಂತ ನೀನು ಪಂಥ ಕಟ್ಟಿದ್ದ ಜಾಗ ನಡುವೆ ಕಣ್ಣಿಗೆ ಕಾಣದಷ್ಟು ಉಬ್ಬಿದೆ ಎಂದು ಗೊತ್ತಾಯಿತು. ನೀರು ಅಲ್ಲಿ ನಿಲ್ಲುತ್ತದೆ, ದಾಟುವುದಿಲ್ಲ. ನೀನು ಸೋತೆ ನೇತ್ರಾ. ಇಷ್ಟು ತಿಂಗಳು ಜಗಳ ಮಾಡಿ ಕೊನೆಗೆ ನಾನು ಗೆದ್ದೆ, ಯಾರ ಮುಂದೆ ಮೆರೆಯಲಿ ಹೇಳು? "ಇನ್ನೊಂದ್ಸಲ ಅಳೆದು ನೋಡು, ನಿಂದು ತಪ್ಪೈತೆ" ಅನ್ನುವವರು ಯಾರು? ನಿಮ್ಮಮ್ಮನಿಗೆ ಹೇಳಿದೆ. ಅವರು ತಟ್ಟೆಗೆ ರೊಟ್ಟಿ ಹಾಕುತ್ತ, "ಹಂಗಾದ್ರೆ ಮುಗೀತೇನು?" ಎಂದು ಕೇಳಿದರು. ಇನ್ನು ಬರುವುದಿಲ್ಲವೇನು ಅಂತ ಕೇಳಿದ ಹಾಗಿತ್ತು.

ಸೋಮವಾರ ಮುಖ್ಯಸ್ಥರ ಮುಂದೆ ನಿಂತು, ಎರಡನ್ನೂ ಓದುತ್ತೇನೆ ಅಂದೆ. "ಒಬ್ಳೇನಾ?" ಅಂದರು. "ಹೌದು ಸರ್, ಒಬ್ಳೇ" ಅಂದೆ. ಮೇಡಂಗೆ, ನಾಳೆಯಿಂದ ಹಾಜರಿ ಕೂಗಿ, ಬೋರ್ಡಿನ ಹತ್ತಿರ ನಿಂತೇ ಪಾಠ ಮಾಡಿ ಎಂದೆ. ಪಂಪ್ ಇಡುವುದಿಲ್ಲ, ಹೆದರಬೇಡ. ಕಾಲುವೆಯ ಇನ್ನೊಂದು ದಂಡೆ ಅಳೆದು ನೋಡಬೇಕು. ಅಲ್ಲಿಯೂ ಆಗದಿದ್ದರೆ ಇನ್ನೂ ಮೇಲೆ ಹೋಗುತ್ತೇನೆ, ನಿನ್ನ ನೀರು ತಾನೇ ಇಳಿದು ಹೋಗುವ ಜಾಗ ಸಿಗುವವರೆಗೆ. ನಿನ್ನೆ ಸಂಜೆ ನಿಮ್ಮಮ್ಮನೇ ಫೋನ್ ಮಾಡಿ, "ಭಾನುವಾರ ಎಷ್ಟೊತ್ತಿಗೆ ಬರ್ತಿ? ಹೊಲಿಯೋದೆಲ್ಲ ಶನಿವಾರಾನೇ ಮುಗಿಸ್ಕೊಂತೀನಿ" ಅಂದರು. ಬೆಳಿಗ್ಗೆ ಮೊದಲ ಬಸ್ಸಿಗೇ ಬರುತ್ತೇನೆ ಎಂದಿದ್ದೇನೆ.

ಪಲ್ಲವಿ