ಚಿಲ್ಟಾರಿಗೆ ಲಸಿಕೆ ಹಾಕಿಸಿದ್ದು

ಮನೆಯಿಂದ,
ಜೂನ್ ೯, ಭಾನುವಾರ

ಪ್ರೀತಿಯ ಇವಳೇ,

ಅತ್ತೆಯ ಕಾಲಿನ ಪ್ಲಾಸ್ಟರ್ ತೆಗೆದರಾ? ಕೋಲು ಹಿಡಿದು ನಡೆಯಲು ನಾಚಿಕೆ ಬೇಡವೆಂದು ಅಳಿಯ ಹೇಳಿದನೆನ್ನು. ನಿನ್ನ ಬೆನ್ನುನೋವು ಹೇಗಿದೆ? ಅವರನ್ನು ಎತ್ತಿ ಕೂರಿಸಿ ನೀನೇ ಮಲಗುವ ಹಾಗಾಗದಿರಲಿ. ಇಲ್ಲಿ ನಾನೂ ನಿನ್ನ ಮಗಳು ಚಿಲ್ಟಾರಿಯೂ ಚೆನ್ನಾಗಿದ್ದೇವೆ. ಅಂಗಡಿಗೂ ಜೊತೆಗೇ ಬರುತ್ತಾಳೆ. ನಿನ್ನೆ ಗಿರಾಕಿಯೊಬ್ಬರ ಹೊಸ ಅಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಒಗೆದು ಇಸ್ತ್ರಿ ಮಾಡಿ ಕೊಟ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನನಗೆ ಮಾತು ತಪ್ಪುತ್ತದೆ, ಅದಕ್ಕೇ ಕಾಗದ. ಹೋದ ತಿಂಗಳು ಕೆಳಗಿನ ಮನೆಯ ಡ್ರೈವರ್ ಮಗನಿಗೆ ದಡಾರ ಎದ್ದಿತು. ಹೆದರಬೇಡ, ಈಗ ಹುಷಾರಾಗಿದ್ದಾನೆ. ಆದರೆ ನಮ್ಮವಳು ಅವನ ಜೊತೆ ಒಂದೇ ಚಾಪೆಯಲ್ಲಿ ಉರುಳಾಡಿ ಆಡಿದವಳು. ಕೆಲವು ದಿನ ಕಳೆದು ಅವಳ ಕುತ್ತಿಗೆಯ ಮೇಲೂ ಕೆಂಪು ಗುಳ್ಳೆ ಕಂಡವು. ಅರ್ಧ ಹೊಲಿದ ಬಟ್ಟೆಯನ್ನು ಮೆಷಿನ್ ಮೇಲೇ ಬಿಟ್ಟು ಆಸ್ಪತ್ರೆಗೆ ಓಡಿದೆ. ಡಾಕ್ಟರು ಕುತ್ತಿಗೆ, ಬಾಯಿ, ಕಣ್ಣು ಎಲ್ಲ ನೋಡಿ, ಬರೀ ಬೆವರುಸಾಲೆ ಎಂದರು. ಹೋದ ಜೀವ ಬಂದಂತಾಯಿತು. ಇನ್ನೂ ದಡಾರದ ಲಸಿಕೆ ಹಾಕಿಸಿಲ್ಲವೇ ಎಂದು ಕೇಳಿದಾಗ ಮಾತ್ರ ತಲೆ ತಗ್ಗಿಸಿದೆ.

ಹೊರಗಿನ ಬೆಂಚಿನ ಮೇಲೆ ಕೂತು ಯೋಚಿಸಿದೆ. ಲಸಿಕೆ ಬೇಡವೆಂದು ಫೋನಿನಲ್ಲಿ ಬಂದ ಆ ವಿಡಿಯೋ, ಅಮ್ಮನ 'ನಮ್ಮ ಕಾಲದಲ್ಲಿ ಯಾವ ಸೂಜಿ ಇತ್ತು?', ಎಲ್ಲರ ಮಾತಿಗೂ ತಲೆಯಾಡಿಸಿ ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟವನು. ನಿನ್ನನ್ನು ನಿಜವಾಗಿ ತಡೆದದ್ದು ಅವು ಯಾವುವೂ ಅಲ್ಲವೆಂದು ನನಗೆ ಗೊತ್ತು. ಕಳೆದ ಸಲ ಲಸಿಕೆಯಾದ ಮೇಲೆ ಜ್ವರ ಬಂತೆಂದು ಕೇಳಲು ಹೋದಾಗ, ಆ ಸಿಸ್ಟರ್ ಅಷ್ಟು ಜನರೆದುರು ನಿನ್ನನ್ನು ಗದರಿಸಿದ್ದರಲ್ಲ, ಅದು.

ಅವತ್ತೂ ಅದೇ ಸಿಸ್ಟರ್ ಇದ್ದರು. ಎಲ್ಲಿಂದ ಧೈರ್ಯ ಬಂತೋ, ನನ್ನ ಹೆಂಡತಿ ಇಲ್ಲಿಂದ ಅಳುತ್ತಾ ಮನೆಗೆ ಬಂದಳು ಎಂದುಬಿಟ್ಟೆ. ಜಗಳವಾಗುತ್ತದೆ ಅಂದುಕೊಂಡಿದ್ದೆ. ಅವರು ಬಂದು ಪಕ್ಕದಲ್ಲಿ ಕೂತು, "ಅವರು ಕೇಳಿದ್ದು ಸರಿಯಾಗೇ ಇತ್ತು. ನಾನೇ ಕೂತು ಹೇಳ್ಬೇಕಿತ್ತು, ಹೇಳ್ಲಿಲ್ಲ" ಎಂದರು. ಈ ಲಸಿಕೆಗೆ ಜ್ವರ ಬಂದರೆ ವಾರ ಕಳೆದು ಬರಬಹುದು, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ, ಏನು ಮಾಡಬೇಕು, ಯಾವಾಗ ಕರೆತರಬೇಕು ಎಂದು ಎಲ್ಲ ಬಿಡಿಸಿ ಹೇಳಿದರು.

ಹಾಕಿಸಿದೆ. ದಿನವಿಡೀ ಸೂಜಿ ಹಿಡಿಯುವ ನಾನೇ ಕಣ್ಣು ಮುಚ್ಚಿಕೊಂಡೆ. ಅವಳು ಒಮ್ಮೆ ಕಿರುಚಿ, ಕಣ್ಣೀರು ಆರುವ ಮೊದಲೇ ಸಿಸ್ಟರ್ ಜೇಬಿನ ಪೆನ್ನಿಗೆ ಕೈ ಹಾಕಿದಳು. ಅವರು ಹೇಳಿದಂತೆಯೇ ಕಳೆದ ವಾರ ಮೈ ಬೆಚ್ಚಗಾಗಿ ಮಾರನೆಯ ದಿನ ಇಳಿಯಿತು. ಅದು ಕಳೆಯಲಿ ಎಂದೇ ಬರೆಯಲು ಇಷ್ಟು ದಿನ ಕಾದೆ. ಎದೆಯ ಮೇಲಿನ ಕಲ್ಲು ಇಳಿದಂತಿದೆ.

ಅತ್ತೆಗೆ ನಮಸ್ಕಾರ. ನಿನಗೆ ಚಿಲ್ಟಾರಿಯ ಎಂಜಲು ಮುತ್ತು, ಕಾಗದದ ಮೂಲೆ ಒದ್ದೆಯಾಗಿರುವುದು ಅದರಿಂದಲೇ.

ನಿನ್ನ
ಇವರು

ತಾ.ಕ.: ಹಾಕಿಸುವ ಮೊದಲು ಫೋನು ಕೈಗೆತ್ತಿಕೊಂಡೆ, ನಿನಗೆ ಮಾಡಲಿಲ್ಲ. ಮಾಡಿದ್ದರೆ ನೀನು ಬೇಡ ಎನ್ನುತ್ತಿದ್ದೆ, ನಾನು ಹೂಂ ಎಂದು ಎದ್ದು ಬರುತ್ತಿದ್ದೆ. ಕೋಪವಿದ್ದರೆ ಬಂದು ಎದುರಿಗೇ ಬೈ. ಇನ್ನೊಂದು ಡೋಸ್ ಬಾಕಿ ಇದೆ. ಅದನ್ನು ನಿನ್ನನ್ನು ಬಿಟ್ಟು ಹಾಕಿಸುವುದಿಲ್ಲ, ಮೂವರೂ ಹೋಗೋಣ.