ಮುದಿ ನಾಯಿಯ ಹೆಸರು

ಲಚ್ಯಾಣ, ಶ್ರಾವಣ, ೨೦೦೧

ಅಪ್ಪಾ,

ನೀನು ತೀರಿಕೊಂಡ ವರ್ಷವೇ ನಿನ್ನ ನಾಯಿ ಮೋತ್ಯಾನೂ ಹೋದ. ಇನ್ನು ಈ ಮನೆಗೆ ನಾಯಿ ಬೇಡವೆಂದು ಅವ್ವ ಹಟ ಹಿಡಿದಿದ್ದಳು. ಆದರೆ ಮೊನ್ನೆ ಎಮ್ಮೆಯ ಔಷಧಕ್ಕೆಂದು ಇಂಡಿ ಊರಿನ ದನದ ದವಾಖಾನೆಗೆ ಹೋದಾಗ, ಹಾಳುಬಾವಿಯಿಂದ ಯಾರೋ ಎತ್ತಿ ತಂದು ಬಿಟ್ಟಿದ್ದ ಮುದಿ ನಾಯಿಯೊಂದನ್ನು ಕಂಡು ನಿಂತುಬಿಟ್ಟಳು.

"ಅದಕ್ಕ ವಯಸ್ಸಾಗೇತ್ರಿ ಅವ್ವಾರ, ಬೇಕಂದ್ರ ಒಂದ ಮರಿ ಕೊಡಸ್ತೇನಿ," ಎಂದರು ಡಾಕ್ಟರು.

"ಮರಿ ಯಾರರ ಒಯ್ತಾರ್ರಿ. ಇದನ್ನ ಯಾರ ಒಯ್ತಾರ?" ಎಂದವಳೇ ಅದನ್ನು ಟೆಂಪೋದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಬಂದಳು.

ಮನೆಗೆ ಬಂದ ನಾಯಿ ಹಾಲಲ್ಲಿ ನೆನೆಸಿದ ರೊಟ್ಟಿಯನ್ನು ಮೂಸಿಯೂ ನೋಡಲಿಲ್ಲ. ನಾನು "ಮೋತ್ಯಾ, ತಿನ್ನೋ" ಎಂದೆ. ಅವ್ವ ತಡೆದಳು. "ಆ ಹೆಸರ ಅವಂದು. ಇದಕ್ಕೂ ಒಂದ ಹೆಸರ ಇದ್ದೀತು, ನಮಗ ಗೊತ್ತಿಲ್ಲ ಅಷ್ಟ."

ಆಮೇಲೆ ಅದರ ಮುಂದೆ ಕೂತು, ತನಗೆ ಗೊತ್ತಿದ್ದ ನಾಯಿಗಳ ಹೆಸರನ್ನೆಲ್ಲ ಒಂದೊಂದಾಗಿ ಕರೆಯತೊಡಗಿದಳು. ರಾಜಾ, ಕಾಳ್ಯಾ, ಟೈಗರ್... ಓಣಿಯವರು ನಕ್ಕರೂ ಬಿಡಲಿಲ್ಲ. ಕತ್ತಲಾಗುವ ಹೊತ್ತಿಗೆ "ಸರದಾರ" ಎಂದಾಗ ನಾಯಿ ಕಿವಿ ನಿಮಿರಿಸಿ, ಬಾಲವನ್ನು ನೆಲಕ್ಕೆ ಬಡಿಯಿತು. ಅಪ್ಪಾ, ಅಂಥ ತಾಳ್ಮೆಯನ್ನು ನಾನು ಯಾರಲ್ಲೂ ಕಂಡಿಲ್ಲ.

ಸರದಾರ ರೊಟ್ಟಿ ತಿನ್ನುವುದನ್ನೇ ನೋಡುತ್ತ ಅವ್ವ ಅಂದಳು: "ಹೆಸರ ಹಿಡದ ಕರಿಯೋರ ಇಲ್ಲದ ಮನಿಯಾಗ ತುತ್ತ ಹೆಂಗ ಇಳೀಬೇಕ?"

ಈ ಮನೆಯಲ್ಲಿ ಅವಳನ್ನು "ಚಂದವ್ವಾ" ಎಂದು ಕರೆಯುತ್ತಿದ್ದವನು ನೀನೊಬ್ಬನೇ. ನಮಗೆಲ್ಲ ಅವಳು ಬರೀ ಅವ್ವ.

ನಿನ್ನ ಮಗಳು
ಸುರೇಖಾ