ಏಳನೇ ತಟ್ಟೆ

ಅಣ್ಣಾ,

ನಿನ್ನೆ ನಿನ್ನ ಹೋಟೆಲಿನಲ್ಲಿ, ಒಲೆಯೆದುರಿನ ಎಂಟೇ ಎಂಟು ಕುರ್ಚಿಗಳ ಪೈಕಿ ಮೂರನೆಯದರಲ್ಲಿ ಕೂತಿದ್ದವಳು ನಾನು. ನೀನು ಮನೆ ಬಿಟ್ಟಾಗ ಎರಡು ಜಡೆಯ ಹುಡುಗಿ, ಈಗ ಕನ್ನಡಕ ಬಂದಿದೆ. ನಿನಗೆ ಗುರುತು ಸಿಗಲಿಲ್ಲ.

ನೀನೇ ಮಾಡಿ ಒಂದರ ಹಿಂದೊಂದು ಬಡಿಸಿದ ಆರು ತಟ್ಟೆಯನ್ನೂ ನಾನು ಹೆಮ್ಮೆಯಿಂದ ಉಂಡೆ. ಕೊನೆಗೆ ಮಾತಾಡಿಸೋಣ ಎಂದಿದ್ದೆ. ಏಳನೆಯದರಲ್ಲಿ ನೀನು ತಳ ಹಿಡಿದ ಹಾಲನ್ನು ಕೆರೆದು ಚಮಚದಷ್ಟು ಇಟ್ಟೆ. "ನಮ್ಮಮ್ಮ ಪಕ್ಕದ ಮನೆಯವರ ಜೊತೆ ಮಾತಿಗೆ ನಿಂತು ದಿನಾ ಹಾಲು ಸೀಯಿಸ್ತಿದ್ರು, ಕೆರೆದು ನಮಗೆ ತಿನ್ನಿಸ್ತಿದ್ರು. ಅವರು ತೀರ್ಕೊಂಡು ಒಂಬತ್ತು ವರ್ಷ ಆಯ್ತು" ಎಂದು ನೀನು ಎಲ್ಲರಿಗೂ ಹೇಳಿದೆ. ನನ್ನ ಪಕ್ಕದ ಕುರ್ಚಿಯಾಕೆ ಕಣ್ಣೊರೆಸಿಕೊಂಡಳು. ನನ್ನ ಕೈಯಿಂದ ಚಮಚ ಜಾರಿತು. ನೀನೇ ಬೇರೆ ತಂದುಕೊಟ್ಟು, "ಪರವಾಗಿಲ್ಲ ಮೇಡಂ" ಎಂದೆ.

ಒಂಬತ್ತು ವರ್ಷ ಆಗಿರುವುದು ನೀನು ಹೋಗಿ.

ರಾತ್ರಿ ಮನೆಗೆ ಬಂದಾಗ ಏನು ತಿಂದೆ ಎಂದು ಅಮ್ಮ ಕೇಳಿದಳು. ಸೀದ ಹಾಲು ಎಂದೆ. "ಅಷ್ಟು ದೊಡ್ಡ ಹೋಟ್ಲಲ್ಲೂ ಸೀಯಿಸ್ತಾರಾ? ಅಡುಗೆಯವನಿಗೂ ನನ್ನ ಹಾಗೇ ಮಾತಿನ ಚಟ ಇರ್ಬೇಕು" ಎಂದು ಬಿದ್ದುಬಿದ್ದು ನಕ್ಕಳು. ಅಡುಗೆಯವನು ಯಾರೆಂದು ಅವಳಿಗೆ ಇನ್ನೂ ಗೊತ್ತಿಲ್ಲ.

ಮುಂದಿನ ಭಾನುವಾರಕ್ಕೆ ಎರಡು ಕುರ್ಚಿ ಕಾದಿರಿಸಿದ್ದೇನೆ. ಅಮ್ಮನಿಗೆ ಮಂಡಿ ನೋವು, ನಿನ್ನ ಎತ್ತರದ ಕುರ್ಚಿ ಹತ್ತಲಾರಳು, ತಗ್ಗಿನದು ಹಾಕಿಸು. ಹಾಲು ಸೀದರೆ ಸೀಯಲಿ, ಕಥೆ ಮಾತ್ರ ಬದಲಿಸು.

ನಿನ್ನ ತಂಗಿ